ನಕ್ಷತ್ರಪಥ ಛಾಯಾಗ್ರಹಣ

ಭೂಮಿ ತನ್ನ ಅಕ್ಷದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಸುತ್ತುವುದರಿಂದ ಆಕಾಶದ ನಕ್ಷತ್ರಗಳೆಲ್ಲ ಪೂರ್ವದಿಂದ ಪಶ್ಚಿಮಕ್ಕೆ ಸರಿದಂತೆ ತೋರುತ್ತವೆ. ಅಲುಗದಂತೆ ನೆಲದ ಮೇಲೆ ನಿಲ್ಲಿಸಿದ ಕ್ಯಾಮೆರಾದ ಕಣ್ಣನ್ನು ಹಲವು ನಿಮಿಷ ಅಥವಾ ಹಲವು ಗಂಟೆ ತೆರೆದಿಟ್ಟು, ಒಂದೊಂದು ನಕ್ಷತ್ರವೂ ಒಂದೊಂದು ಬೆಳಕಿನ ಗೆರೆಯಾಗಿ ಮೂಡುವಂತೆ ಈ ತೋರಿಕೆಯ ಚಲನೆಯನ್ನು ದಾಖಲಿಸುವ ವಿಧಾನಕ್ಕೆ ನಕ್ಷತ್ರಪಥ ಛಾಯಾಗ್ರಹಣ ಎಂದು ಹೆಸರು. ಇಂಥ ಚಿತ್ರದಲ್ಲಿ ಸಾಮಾನ್ಯವಾಗಿ ಮರ, ಗುಡಿಯ ಶಿಖರ, ಹೊಳೆಯ ದಂಡೆ, ಬಣವೆ ಮೊದಲಾದ ನೆಲದ ವಸ್ತುವೊಂದು ಮುನ್ನೆಲೆಯಲ್ಲಿರುತ್ತದೆ. ನೆಲ ನಿಂತಿದೆ, ಆಕಾಶ ತಿರುಗುತ್ತಿದೆ ಎಂಬ ಭಾವ ನೋಡುವವರಿಗೆ ಬರುವುದು ಈ ಎರಡರ ಜೊತೆಯಿಂದಲೇ. ನಕ್ಷತ್ರಗಳ ಗೆರೆ ಎಷ್ಟು ಬಾಗುತ್ತದೆ, ಯಾವ ಕಡೆಗೆ ಬಾಗುತ್ತದೆ, ಯಾವ ಸುತ್ತು ಪೂರ್ತಿಯಾಗಿ ಕಾಣುತ್ತದೆ ಎಂಬುದನ್ನು ಚಿತ್ರ ತೆಗೆದ ಊರಿನ ಅಕ್ಷಾಂಶವೇ ನಿರ್ಧರಿಸುವುದರಿಂದ, ಛಾಯಾಗ್ರಹಣದ ಬೇರೆ ಬಗೆಗಳಿಗಿಂತ ಇದು ಹೆಚ್ಚು ಸ್ಥಳನಿಷ್ಠವಾದುದು. ಈ ಕಾರಣದಿಂದ ಇಲ್ಲಿ ವಿಷಯವನ್ನು ಬೆಳಗಾವಿ ಜಿಲ್ಲೆಯ ರಾಯಬಾಗ ಸೀಮೆಯ ಅಲಖನೂರ ಹಾಗೂ ಅದರ ಆಸುಪಾಸಿನ ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡಗಳ ಆಕಾಶವನ್ನು ಮುಂದಿಟ್ಟುಕೊಂಡು ನಿರೂಪಿಸಲಾಗಿದೆ.

ನಕ್ಷತ್ರಗಳನ್ನು ಆಧಾರವಾಗಿಟ್ಟು ಲೆಕ್ಕ ಹಾಕಿದರೆ ಭೂಮಿ ಒಂದು ಸುತ್ತು ಮುಗಿಸಲು ತೆಗೆದುಕೊಳ್ಳುವ ಕಾಲ 23 ಗಂಟೆ 56 ನಿಮಿಷ 4 ಸೆಕೆಂಡುಗಳು. ಇದಕ್ಕೆ ನಾಕ್ಷತ್ರ ದಿನ ಎನ್ನುತ್ತಾರೆ. ಸೂರ್ಯನನ್ನು ಅನುಸರಿಸುವ ನಮ್ಮ ಗಡಿಯಾರದ ದಿನಕ್ಕಿಂತ ಇದು ಸುಮಾರು ನಾಲ್ಕು ನಿಮಿಷ ಕಡಿಮೆಯಾದ್ದರಿಂದ ಪ್ರತಿಯೊಂದು ನಕ್ಷತ್ರವೂ ದಿನಕ್ಕೆ ನಾಲ್ಕು ನಿಮಿಷ, ತಿಂಗಳಿಗೆ ಎರಡು ಗಂಟೆ ಮೊದಲೇ ಮೂಡುತ್ತ ಹೋಗುತ್ತದೆ. ಗಂಟೆಗೆ ಹದಿನೈದು ಡಿಗ್ರಿ ಎಂಬ ಈ ತಿರುಗುವಿಕೆಯ ಪ್ರಮಾಣ ಎಲ್ಲ ನಕ್ಷತ್ರಗಳಿಗೂ ಒಂದೇ ಆಗಿದ್ದು, ಚಿತ್ರದಲ್ಲಿ ಒಂದು ಕಮಾನು ಮೂವತ್ತು ಡಿಗ್ರಿಯಷ್ಟು ಸುತ್ತಿದ್ದರೆ ಕ್ಯಾಮೆರಾ ಎರಡು ಗಂಟೆ ತೆರೆದಿತ್ತೆಂದು ಯಾರು ಬೇಕಾದರೂ ಅಳೆದು ಹೇಳಬಹುದು. ತಿರುಗುವುದು ಆಕಾಶವಲ್ಲ, ಭೂಮಿ ಎಂಬ ಮಾತನ್ನು ಕ್ರಿ.ಶ. 499ರ ಆರ್ಯಭಟೀಯದಲ್ಲಿ ಆರ್ಯಭಟ ದೋಣಿಯ ಹೋಲಿಕೆಯಿಂದ ವಿವರಿಸಿದ್ದಾನೆ: ಮುಂದೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಮರಗಳು ಹಿಂದಕ್ಕೆ ಓಡಿದಂತೆ ಕಾಣುವ ಹಾಗೆ, ಭೂಮಿಯ ಮೇಲಿನವರಿಗೆ ಸ್ಥಿರ ನಕ್ಷತ್ರಗಳು ಪಶ್ಚಿಮಕ್ಕೆ ಸರಿದಂತೆ ಕಾಣುತ್ತವೆ. ನಕ್ಷತ್ರಪಥದ ಚಿತ್ರವೆಂದರೆ ಆ ದೋಣಿಯಿಂದ ತೆಗೆದ ದಡದ ಚಿತ್ರವೇ ಸರಿ.

ಭೂಮಿಯ ಅಕ್ಷವನ್ನು ಎರಡೂ ಕಡೆ ನೀಳಗೊಳಿಸಿದರೆ ಅದು ಆಕಾಶವನ್ನು ಮುಟ್ಟುವ ಬಿಂದುಗಳಿಗೆ ಖಗೋಳ ಧ್ರುವಗಳೆಂದು ಹೆಸರು. ಒಂದು ಊರಿನಲ್ಲಿ ಉತ್ತರ ಧ್ರುವ ದಿಗಂತದಿಂದ ಎಷ್ಟು ಡಿಗ್ರಿ ಮೇಲಿರುತ್ತದೆಯೋ ಅಷ್ಟೇ ಆ ಊರಿನ ಅಕ್ಷಾಂಶ. ಭಾರತೀಯ ಸಿದ್ಧಾಂತ ಗ್ರಂಥಗಳಿಗೆ ಈ ನಿಯಮ ಚೆನ್ನಾಗಿ ತಿಳಿದಿತ್ತು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ಪಟ್ಟಣಗಳು 16.4ರಿಂದ 16.8 ಡಿಗ್ರಿ ಉತ್ತರ ಅಕ್ಷಾಂಶದೊಳಗೆ ಬರುತ್ತವೆ. ತೋಳನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿಯಾಗುವುದರಿಂದ, ಅಲಖನೂರದ ಹೊಲದಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತವರಿಗೆ ಧ್ರುವ ನಕ್ಷತ್ರ ದಿಗಂತದಿಂದ ಒಂದೂವರೆ ಮುಷ್ಟಿಗಿಂತ ತುಸುವಷ್ಟೇ ಮೇಲೆ ಸಿಗುತ್ತದೆ. ಬೆಳೆದು ನಿಂತ ಕಬ್ಬಿನ ಗದ್ದೆಯ ಬದುವಿನಲ್ಲಿ ನಿಂತರೆ ಆ ಎತ್ತರದ ನಕ್ಷತ್ರ ಕಬ್ಬಿನ ಸೋಗೆಯ ಮರೆಗೇ ಹೋಗಬಹುದು.

ಧ್ರುವ ನಕ್ಷತ್ರ ನಿಶ್ಚಲವೆಂಬುದು ಪುರಾಣದ ನಂಬಿಕೆ. ಚಿತ್ರ ಹೇಳುವುದು ಬೇರೆ. ಅದು ಈಗ ನಿಜವಾದ ಧ್ರುವ ಬಿಂದುವಿನಿಂದ ಒಂದು ಡಿಗ್ರಿಯ ಮೂರನೆಯ ಎರಡು ಪಾಲಿಗಿಂತ ತುಸು ಕಡಿಮೆ ದೂರದಲ್ಲಿದ್ದು, ಹುಣ್ಣಿಮೆಯ ಎರಡೂವರೆ ಚಂದ್ರರನ್ನು ಸಾಲಾಗಿಟ್ಟಷ್ಟು ವ್ಯಾಸದ ಪುಟ್ಟ ವೃತ್ತವನ್ನು ಸುತ್ತುತ್ತದೆ. ಮೂರು ಗಂಟೆಯ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಎಲ್ಲ ಕಮಾನುಗಳ ನಡುವೆ, ಮಗುವಿನ ಉಗುರಿನ ಕತ್ತರಿಕೆಯಂಥ ಒಂದು ಚಿಕ್ಕ ಬಾಗು ಕಾಣುತ್ತದೆ; ಅದೇ ಧ್ರುವ ನಕ್ಷತ್ರ. ಎಂದೂ ಮುಳುಗದೆ ಧ್ರುವದ ಸುತ್ತ ಪೂರ್ತಿ ವೃತ್ತ ಬರೆಯುವ ನಕ್ಷತ್ರಗಳಿಗೆ ಪರಿಧ್ರುವ ನಕ್ಷತ್ರಗಳೆನ್ನುತ್ತಾರೆ. ಅಲಖನೂರದಲ್ಲಿ ಧ್ರುವದಿಂದ ಹದಿನಾರೂವರೆ ಡಿಗ್ರಿಯೊಳಗಿನವು ಮಾತ್ರ ಈ ಗುಂಪಿಗೆ ಸೇರುತ್ತವೆ. ಲಘು ಸಪ್ತರ್ಷಿ ಮಂಡಲದ ಕಾಂತಿಯುತ ನಕ್ಷತ್ರ ಕೊಚಾಬ್ ಧ್ರುವದಿಂದ ಸುಮಾರು ಹದಿನಾರು ಡಿಗ್ರಿ ದೂರದಲ್ಲಿದೆ. ಆದ್ದರಿಂದ ಅದರ ವೃತ್ತ ಇಲ್ಲಿನ ದಿಗಂತವನ್ನು ಅರ್ಧ ಡಿಗ್ರಿಯ ಅಂತರದಲ್ಲಿ, ನೆಲಕ್ಕೆ ತಾಗಿತೋ ಇಲ್ಲವೋ ಎಂಬಂತೆ ಸವರಿಕೊಂಡು ಹೋಗುತ್ತದೆ. ದೊಡ್ಡ ಸಪ್ತರ್ಷಿ ಮಂಡಲದ ಏಳೂ ನಕ್ಷತ್ರಗಳು ಇಲ್ಲಿ ಮೂಡಿ ಮುಳುಗುವಂಥವು.

ಈ ಲೆಕ್ಕದಿಂದ ಹೊರಡುವ ತೀರ್ಮಾನ ಮುಖ್ಯವಾದುದು. ನಕ್ಷತ್ರಪಥವೆಂದೊಡನೆ ಕಣ್ಣಿಗೆ ಕಟ್ಟುವುದು ಮುನ್ನೆಲೆಯ ಗುಡ್ಡದ ಮೇಲೆ ನೆತ್ತಿಯವರೆಗೂ ಹಬ್ಬಿದ ಏಕಕೇಂದ್ರ ವೃತ್ತಗಳ ಚಿತ್ರ; ಅಂಥವು ಬಹುಪಾಲು ಯುರೋಪ್, ಉತ್ತರ ಅಮೆರಿಕ ಅಥವಾ ಹಿಮಾಲಯದ ಎತ್ತರದ ಅಕ್ಷಾಂಶಗಳಲ್ಲಿ ತೆಗೆದವು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ನಡೆಸುವ ಲಡಾಖಿನ ಹಾನ್ಲೆ ವೀಕ್ಷಣಾಲಯದ ಗುಮ್ಮಟದ ಮೇಲೆ ತೆಗೆದ ನಕ್ಷತ್ರಪಥಗಳು ಕನ್ನಡ ಓದುಗರಿಗೂ ಪರಿಚಿತ. ಅಲ್ಲಿನ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ. ಹಾನ್ಲೆಯ ಅಕ್ಷಾಂಶ ಸುಮಾರು 33 ಡಿಗ್ರಿ, ಅಂದರೆ ಅಲ್ಲಿ ಧ್ರುವ ನಕ್ಷತ್ರ ಅಲಖನೂರಕ್ಕಿಂತ ಇಮ್ಮಡಿ ಎತ್ತರದಲ್ಲಿರುತ್ತದೆ. ಆ ಚಿತ್ರವನ್ನು ಮಾದರಿಯಾಗಿಟ್ಟುಕೊಂಡು ಕೃಷ್ಣಾ ತೀರದಲ್ಲಿ ಉತ್ತರಕ್ಕೇ ಕ್ಯಾಮೆರಾ ತಿರುಗಿಸಿ ಕೂತವರಿಗೆ ದೊರೆಯುವುದು ಚೌಕಟ್ಟಿನ ಕೆಳಗಡೆ ಮಂಜು ಹೊಗೆಗಳಲ್ಲಿ ಮಸುಕಾದ ಸಣ್ಣ ವೃತ್ತಗಳು ಮಾತ್ರ. ಇದು ಈ ಸೀಮೆಯ ಆಕಾಶದ ಕೊರತೆಯಲ್ಲ, ಅದರ ಸ್ವಭಾವ. ಉತ್ತರದ ದೇಶಗಳಿಗೆ ದಕ್ಕದ ಎರಡು ಬಗೆಯ ನೋಟಗಳು ಇಲ್ಲಿ ಸುಲಭವಾಗಿ ದಕ್ಕುತ್ತವೆ.

ಮೊದಲನೆಯದು ಪೂರ್ವ ಮತ್ತು ಪಶ್ಚಿಮದ ನೋಟ. ಎರಡು ಧ್ರುವಗಳಿಗೂ ಸಮದೂರದಲ್ಲಿ ಆಕಾಶವನ್ನು ಸುತ್ತುವ ವೃತ್ತಕ್ಕೆ ವಿಷುವದ್ವೃತ್ತವೆಂದು ಹೆಸರು. ಅದರ ಮೇಲಿನ ನಕ್ಷತ್ರಗಳು ಚಿತ್ರದಲ್ಲಿ ನೇರ ಗೆರೆಗಳಾಗಿ ಬೀಳುತ್ತವೆ. ಮಹಾವ್ಯಾಧ ಮಂಡಲದ ನಡುಪಟ್ಟಿಯ ಮೂರು ನಕ್ಷತ್ರಗಳು ಈ ವೃತ್ತಕ್ಕೆ ತೀರ ಹತ್ತಿರದವು. ಅಲಖನೂರದಲ್ಲಿ ಅವು ಪೂರ್ವ ದಿಗಂತದಿಂದ ಎಪ್ಪತ್ಮೂರು ಡಿಗ್ರಿಗಳಷ್ಟು ಕಡಿದಾದ ಓರೆಯಲ್ಲಿ, ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತವೆ. ಅವುಗಳ ಎಡಕ್ಕೆ, ಅಂದರೆ ಉತ್ತರಕ್ಕೆ ಇರುವ ನಕ್ಷತ್ರಗಳ ಗೆರೆಗಳು ಉತ್ತರ ಧ್ರುವವನ್ನು ಬಳಸುವಂತೆ ಎಡಕ್ಕೆ ಬಾಗಿದರೆ, ಬಲಕ್ಕಿರುವವು ದಕ್ಷಿಣ ಧ್ರುವದ ಕಡೆಗೆ ಬಾಗುತ್ತವೆ. ಅಗಲ ನೋಟದ ಮಸೂರದಲ್ಲಿ ಚಿತ್ರವು ನಡುವೆ ನೇರ ದಂಟು ಇದ್ದು ಎರಡೂ ಕಡೆಗೆ ಗರಿಗಳು ಬಾಗಿದ ಜೋಳದ ಗಿಡದಂತೆ ತೆರೆದುಕೊಳ್ಳುತ್ತದೆ. ಡಿಸೆಂಬರಿನ ನಡುವೆ ಮುಸ್ಸಂಜೆ ಕಳೆಯುವ ಹೊತ್ತಿಗೆ ಮಹಾವ್ಯಾಧ ಪೂರ್ವದಲ್ಲಿ ಮೂಡಿರುವುದರಿಂದ ಈ ನೋಟಕ್ಕೆ ಅದೇ ತಕ್ಕ ಕಾಲ. ಕೆಂಪು ಛಾಯೆಯ ಆರ್ದ್ರಾ, ನೀಲಿ ಬಿಳುಪಿನ ರೈಜೆಲ್, ಹಿಂದೆಯೇ ಏರಿಬರುವ ಉಜ್ವಲ ಲುಬ್ಧಕ ಒಂದೇ ಚೌಕಟ್ಟಿನಲ್ಲಿ ಬೇರೆ ಬೇರೆ ಬಣ್ಣದ ಎಳೆಗಳಾಗಿ ನಿಲ್ಲುತ್ತವೆ.

ಎರಡನೆಯದು ದಕ್ಷಿಣದ ನೋಟ. ದಕ್ಷಿಣ ಧ್ರುವ ಇಲ್ಲಿನ ದಿಗಂತದಿಂದ ಹದಿನಾರೂವರೆ ಡಿಗ್ರಿ ಕೆಳಗೆ ಹುದುಗಿರುವುದರಿಂದ ಅದರ ಸುತ್ತಲಿನ ನಕ್ಷತ್ರಗಳು ಕಾಮನಬಿಲ್ಲಿನಂತೆ ನೆಲದಿಂದೆದ್ದು ನೆಲಕ್ಕಿಳಿಯುವ ತಗ್ಗು ಕಮಾನುಗಳನ್ನು ಬರೆಯುತ್ತವೆ. ಅವುಗಳಲ್ಲಿ ಎದ್ದು ಕಾಣುವುದು ಅಗಸ್ತ್ಯ. ಇಡೀ ಆಕಾಶದಲ್ಲಿ ಲುಬ್ಧಕವನ್ನು ಬಿಟ್ಟರೆ ಅತ್ಯಂತ ಪ್ರಕಾಶಮಾನವಾದ ಈ ನಕ್ಷತ್ರ ಅಲಖನೂರದಲ್ಲಿ ದಿಗಂತದಿಂದ ಸುಮಾರು 21 ಡಿಗ್ರಿಯವರೆಗೆ ಏರಿ, ಒಂಬತ್ತು ಗಂಟೆಗಳಷ್ಟು ಹೊತ್ತು ಆಕಾಶದಲ್ಲಿದ್ದು ಇಳಿಯುತ್ತದೆ. ಫೆಬ್ರವರಿಯ ನಡುವೆ ಅದು ರಾತ್ರಿ ಒಂಬತ್ತರ ಸುಮಾರಿಗೆ ತನ್ನ ನೆತ್ತಿಯ ಸ್ಥಾನವನ್ನು ಮುಟ್ಟುತ್ತದೆ. ಲಂಡನ್ನಿನಲ್ಲಿ ಅಗಸ್ತ್ಯ ಎಂದೂ ಮೂಡುವುದಿಲ್ಲ. ಮೇ ತಿಂಗಳಲ್ಲಿ ಇದೇ ದಿಕ್ಕಿನಲ್ಲಿ ತ್ರಿಶಂಕುವಿನ ನಕ್ಷತ್ರಗಳು ಇನ್ನೂ ತಗ್ಗಿನ ಕಮಾನುಗಳನ್ನು ಬರೆಯುತ್ತವೆಯಾದರೂ ಬೇಸಗೆಯ ಧೂಳು ಮತ್ತು ಅಡ್ಡಮಳೆಯ ಮೋಡಗಳು ಅವನ್ನು ಬಹಳ ದಿನ ಬಿಟ್ಟುಕೊಡುವುದಿಲ್ಲ. ಉತ್ತರದ ನೋಟವನ್ನೇ ಬಯಸುವವರಿಗೆ ಮಾರ್ಚ್, ಏಪ್ರಿಲ್ ತಿಂಗಳುಗಳು ಮೇಲು. ಆಗ ಸಪ್ತರ್ಷಿ ಮಂಡಲ ರಾತ್ರಿಯ ಮೊದಲ ಜಾವದಲ್ಲೇ ಧ್ರುವದ ಮೇಲೆ ಎತ್ತರದಲ್ಲಿರುತ್ತದೆ. ಡಿಸೆಂಬರಿನ ಸಂಜೆಗಳಲ್ಲಿ ಅದು ಮೂಡಿಯೇ ಇರುವುದಿಲ್ಲ, ಕೊಚಾಬ್ ಕೂಡ ನೆಲಕ್ಕೆ ತಾಗಿಕೊಂಡಿರುತ್ತದೆ.

ಈ ಸೀಮೆಯ ರೈತರಿಗೆ ನಕ್ಷತ್ರಗಳ ಹೆಸರು ಆಕಾಶಕ್ಕಿಂತ ಮೊದಲು ಮಳೆಯಿಂದ ಪರಿಚಯವಾಗಿರುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು. ರೋಹಿಣಿ ಮಳೆ, ಆಡುಮಾತಿನಲ್ಲಿ ಮಿರಗ ಎನಿಸಿಕೊಳ್ಳುವ ಮೃಗಶಿರಾ ಮಳೆ, ಆರ್ದ್ರಾ ಮಳೆ ಎಂಬ ಹೆಸರುಗಳು ಆಯಾ ನಕ್ಷತ್ರದಲ್ಲಿ ಸೂರ್ಯನಿರುವ ಕಾಲವನ್ನು ಹೇಳುತ್ತವೆ. ಎಂದರೆ ಮೇ ಕೊನೆಯ ರೋಹಿಣಿ ಮಳೆಯಲ್ಲಿ ರೋಹಿಣಿ ನಕ್ಷತ್ರ ಸೂರ್ಯನ ಜೊತೆಗೇ ಹಗಲಿನಲ್ಲಿ ಮೂಡಿ ಮುಳುಗುವುದರಿಂದ ಯಾರ ಕಣ್ಣಿಗೂ ಬೀಳದು. ಅದೇ ರೋಹಿಣಿ, ಅದೇ ಮೃಗಶಿರಾ, ಅದೇ ಆರ್ದ್ರಾ ಆರು ತಿಂಗಳ ಬಳಿಕ, ಸುಗ್ಗಿಯ ಚಳಿಯಲ್ಲಿ, ಮೋಡವಿಲ್ಲದ ಆಕಾಶದಲ್ಲಿ ಹೆಚ್ಚುಕಡಿಮೆ ಇಡೀ ರಾತ್ರಿ ಕಾಣುತ್ತವೆ. ಡಿಸೆಂಬರಿನಲ್ಲಿ ಪೂರ್ವಾಭಿಮುಖವಾಗಿ ತೆಗೆದ ಒಂದು ನಕ್ಷತ್ರಪಥದಲ್ಲಿ ಮುಂಗಾರಿನ ಮೊದಲ ಮಳೆಗಳ ಹೆಸರು ಹೊತ್ತ ನಕ್ಷತ್ರಗಳು ಸಾಲಾಗಿ ಮೇಲೇರುವುದನ್ನು ಕಾಣಬಹುದು. ಪಂಚಾಂಗದ ಶಬ್ದಗಳಿಗೆ ಇಷ್ಟು ನೇರವಾದ ದೃಶ್ಯರೂಪ ಬೇರೆಲ್ಲೂ ಸಿಗುವುದು ಕಷ್ಟ.

ನಕ್ಷತ್ರವೊಂದರ ಮೊದಲ ಛಾಯಾಚಿತ್ರವನ್ನು 1850ರ ಜುಲೈಯಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ವಿಲಿಯಂ ಬಾಂಡ್ ಮತ್ತು ಜಾನ್ ವಿಪ್ಪಲ್ ಅವರು ತೆಗೆದರು. ಅದು ಅಭಿಜಿತ್ ನಕ್ಷತ್ರದ ಚಿತ್ರ, ಬೆಳ್ಳಿ ಲೇಪಿಸಿದ ತಾಮ್ರದ ತಟ್ಟೆಯ ಮೇಲೆ ಸುಮಾರು ನೂರು ಸೆಕೆಂಡುಗಳಲ್ಲಿ ಮೂಡಿದ್ದು. ಖಗೋಳ ವಿಜ್ಞಾನಿಗಳಿಗೆ ನಕ್ಷತ್ರ ಗೆರೆಯಾಗುವುದು ಮೊದಲಿಗೆ ಒಂದು ಅಡಚಣೆಯಾಗಿತ್ತು. ಅದನ್ನು ತಪ್ಪಿಸಲು ದೂರದರ್ಶಕವನ್ನು ಭೂಮಿಯ ವೇಗಕ್ಕೆ ಸರಿಯಾಗಿ ತಿರುಗಿಸುವ ಗಡಿಯಾರ ಯಂತ್ರಗಳನ್ನು ಜೋಡಿಸಿದರು. ಆದರೆ 1880ರ ದಶಕದಲ್ಲಿ ಅದೇ ಹಾರ್ವರ್ಡಿನ ನಿರ್ದೇಶಕ ಎಡ್ವರ್ಡ್ ಪಿಕರಿಂಗ್ ಗೆರೆಗಳನ್ನು ಬೇಕೆಂದೇ ಮೂಡಿಸಿ, ಅವುಗಳ ಗಾಢತೆಯಿಂದ ನಕ್ಷತ್ರಗಳ ಕಾಂತಿಯನ್ನು ಅಳೆಯುವ ಪ್ರಯೋಗ ನಡೆಸಿದನು. ಕಲೆಯ ದೃಷ್ಟಿಯಿಂದ ಈ ಪ್ರಕಾರಕ್ಕೆ ದೊಡ್ಡ ಹೆಸರು ತಂದವರು ಡೇವಿಡ್ ಮ್ಯಾಲಿನ್. ಅವರು ಆಂಗ್ಲೋ-ಆಸ್ಟ್ರೇಲಿಯನ್ ದೂರದರ್ಶಕದ ಗುಮ್ಮಟದ ಮೇಲೆ ದಕ್ಷಿಣ ಧ್ರುವದ ಸುತ್ತ ತಿರುಗುವ ನಕ್ಷತ್ರಗಳನ್ನು ಚಿತ್ರಿಸಿದ್ದಲ್ಲದೆ, ಮಹಾವ್ಯಾಧದ ನಕ್ಷತ್ರಗಳು ಸರಿಯುತ್ತಿರುವಂತೆಯೇ ಕ್ಯಾಮೆರಾದ ನಾಭಿಯನ್ನು ಹಂತಹಂತವಾಗಿ ಕದಲಿಸಿ, ಗೆರೆ ಅಗಲವಾಗುತ್ತ ಹೋಗಿ ಒಂದೊಂದರ ಸಹಜ ಬಣ್ಣ ಬಿಚ್ಚಿಕೊಳ್ಳುವಂತೆ ಮಾಡಿದರು. ಭೂದೃಶ್ಯದೊಡನೆ ರಾತ್ರಿಯ ಆಕಾಶವನ್ನು ಚಿತ್ರಿಸುವವರನ್ನು ಹಲವು ದೇಶಗಳಿಂದ ಕೂಡಿಸಿದ 'ದಿ ವರ್ಲ್ಡ್ ಅಟ್ ನೈಟ್' ಎಂಬ ಯೋಜನೆಯನ್ನು 2007ರಲ್ಲಿ ಇರಾನ್ ಮೂಲದ ಬಾಬಕ್ ತಫ್ರೆಶಿ ಆರಂಭಿಸಿದರು.

ಫಿಲ್ಮಿನ ಕಾಲದಲ್ಲಿ ವಿಧಾನ ಸರಳವಾಗಿತ್ತು, ಫಲ ಮಾತ್ರ ಅನಿಶ್ಚಿತ. ಕ್ಯಾಮೆರಾದ ಷಟರನ್ನು 'ಬಿ' ಎಂಬ ಗುರುತಿಗೆ ತಂದು, ತಂತಿಯ ಗುಂಡಿಯೊತ್ತಿ ಬಿಗಿದರೆ ಅದು ಬಿಡುವವರೆಗೂ ತೆರೆದಿರುತ್ತಿತ್ತು. ಯಾಂತ್ರಿಕ ಷಟರಿನ ಕ್ಯಾಮೆರಾಗಳಿಗೆ ಬ್ಯಾಟರಿಯೂ ಬೇಕಿರಲಿಲ್ಲ. ಬೆಳಕು ಬೀಳುವ ಹೊತ್ತು ಹೆಚ್ಚಿದಂತೆ ಫಿಲ್ಮಿನ ಸಂವೇದನೆ ಕುಗ್ಗುತ್ತ ಹೋಗುವ ಗುಣವನ್ನು ಜರ್ಮನ್ ವಿಜ್ಞಾನಿ ಕಾರ್ಲ್ ಶ್ವಾರ್ಜ್‌ಶೀಲ್ಡ್ ಅಧ್ಯಯನ ಮಾಡಿದನು. ಈ ಗುಣದಿಂದಾಗಿ ಆಕಾಶದ ಮಂದ ಹೊಳಪು ಬೇಗ ತುಂಬಿಕೊಳ್ಳದೆ ಕಪ್ಪಾಗಿಯೇ ಉಳಿಯುತ್ತಿದ್ದುದು ನಕ್ಷತ್ರಪಥಕ್ಕೆ ಒಂದು ಅನುಕೂಲವೇ ಆಗಿತ್ತು. ಡಿಜಿಟಲ್ ಕ್ಯಾಮೆರಾದ ಸಂವೇದಕವಾದರೋ ಹಲವು ನಿಮಿಷ ಎಡೆಬಿಡದೆ ತೆರೆದಿದ್ದರೆ ಬಿಸಿಯೇರಿ ಚಿತ್ರದ ತುಂಬ ಬಣ್ಣದ ಚುಕ್ಕೆಗಳನ್ನು ಎಬ್ಬಿಸುತ್ತದೆ; ಅದಕ್ಕಾಗಿ ಈಗ ಒಂದು ದೀರ್ಘ ಚಿತ್ರದ ಬದಲು ನೂರಾರು ಚಿಕ್ಕ ಚಿತ್ರಗಳನ್ನು ತೆಗೆದು ಕೂಡಿಸುವ ಕ್ರಮ ರೂಢಿಗೆ ಬಂದಿದೆ. ಮೂವತ್ತು ಸೆಕೆಂಡಿನ 120 ಚಿತ್ರಗಳನ್ನು ಒಂದರ ಹಿಂದೊಂದರಂತೆ ತೆಗೆದರೆ ಒಂದು ಗಂಟೆಯ ಪಥ ದೊರೆಯುತ್ತದೆ. ಇವನ್ನು ಸ್ಟಾರ್‌ಸ್ಟ್ಯಾಕ್ಸ್‌ನಂಥ ತಂತ್ರಾಂಶದಲ್ಲಿ ಒಂದರ ಮೇಲೊಂದು ಹೇರಿದಾಗ, ಪ್ರತಿಯೊಂದು ಬಿಂದುವಿನಲ್ಲೂ ಎಲ್ಲ ಚಿತ್ರಗಳ ಪೈಕಿ ಹೆಚ್ಚು ಬೆಳಗಿದ ಮೌಲ್ಯವನ್ನಷ್ಟೇ ಅದು ಉಳಿಸಿಕೊಳ್ಳುತ್ತದೆ; ಹೀಗಾಗಿ ನಕ್ಷತ್ರ ನಡೆದ ದಾರಿ ಮೂಡುತ್ತದೆ, ಹಿನ್ನೆಲೆಯ ಆಕಾಶ ಒಂದು ಚಿತ್ರದಲ್ಲಿದ್ದಷ್ಟೇ ಕಪ್ಪಾಗಿ ಉಳಿಯುತ್ತದೆ. ನಡುವೆ ಯಾರದೋ ಟಾರ್ಚು ಹಾಯ್ದರೆ ಆ ಒಂದು ಚಿತ್ರದಲ್ಲಿ ಬೆಳಕು ಬಿದ್ದ ಭಾಗವನ್ನಷ್ಟೇ ಕಪ್ಪು ಬಳಿದು ಉಳಿದುದನ್ನು ಕಾಪಾಡಿಕೊಳ್ಳಬಹುದು.

ಗೆರೆಯ ಉದ್ದ ಮಸೂರದ ನಾಭಿದೂರವನ್ನು ಅವಲಂಬಿಸುತ್ತದೆ. ಪೂರ್ಣ ಚೌಕಟ್ಟಿನ, ಎಂದರೆ 36 ಮಿ.ಮೀ. ಅಗಲದ ಸಂವೇದಕಕ್ಕೆ 24 ಮಿ.ಮೀ. ಮಸೂರ ಹಾಕಿದಾಗ ವಿಷುವದ್ವೃತ್ತದ ನಕ್ಷತ್ರವೊಂದು ಒಂದು ಗಂಟೆಯಲ್ಲಿ ಸಂವೇದಕದ ಮೇಲೆ ಸುಮಾರು ಆರು ಮಿ.ಮೀ. ಸರಿಯುತ್ತದೆ, ಅಂದರೆ ಚೌಕಟ್ಟಿನ ಆರನೆಯ ಒಂದು ಪಾಲು. ಚಿತ್ರಕ್ಕೆ ಬೀಸು ಬರಬೇಕಾದರೆ ಎರಡು ಮೂರು ಗಂಟೆಯಾದರೂ ಬೇಕು. ಧ್ರುವಕ್ಕೆ ಹತ್ತಿರದ ನಕ್ಷತ್ರಗಳು ಅಷ್ಟೇ ಕೋನವನ್ನು ಸುತ್ತಿದರೂ ಅವುಗಳ ವೃತ್ತ ಚಿಕ್ಕದಾದ್ದರಿಂದ ಗೆರೆಯೂ ಚಿಕ್ಕದು. ಡಿಸೆಂಬರಿನ ಇರುಳು ಅಲಖನೂರದಲ್ಲಿ ಸುಮಾರು ಹದಿಮೂರು ಗಂಟೆಯದಾದರೂ ಮುಸ್ಸಂಜೆ ಮುಂಜಾವುಗಳ ಬೆಳಕನ್ನು ಕಳೆದರೆ ಪೂರ್ಣ ಕತ್ತಲೆ ಉಳಿಯುವುದು ಹತ್ತು ಗಂಟೆಗಿಂತ ತುಸು ಹೆಚ್ಚು. ಆದ್ದರಿಂದ ಒಂದೇ ರಾತ್ರಿಯಲ್ಲಿ ನೂರೈವತ್ತು ಡಿಗ್ರಿಗಿಂತ ಬಹಳ ಉದ್ದದ ಕಮಾನು ಇಲ್ಲಿ ಸಾಧ್ಯವಿಲ್ಲ.

ಸಾಮಾನ್ಯವಾಗಿ ಮಸೂರದ ತೆರಪನ್ನು ಎಫ್/2.8 ಅಥವಾ ಎಫ್/4ಕ್ಕೆ, ಸಂವೇದನೆಯನ್ನು ಐಎಸ್‌ಒ 400ರಿಂದ 1600ರೊಳಗೆ ಇಡುತ್ತಾರೆ. ಸಂವೇದನೆ ಹೆಚ್ಚಿಸಿದಷ್ಟೂ ಗೆರೆಗಳ ಸಂಖ್ಯೆ ಏರುತ್ತದೆ, ಆದರೆ ಉಜ್ವಲ ನಕ್ಷತ್ರಗಳು ಮಿತಿಮೀರಿ ಬೆಳಗಿ ಎಲ್ಲವೂ ಒಂದೇ ಬಿಳುಪಾಗಿ ಬಣ್ಣ ಕಳೆದುಕೊಳ್ಳುತ್ತವೆ; ಒತ್ತಾಗಿ ತುಂಬಿದ ಸಾವಿರ ಬಿಳಿ ಗೆರೆಗಳಿಗಿಂತ ಕೆಂಪು, ಹಳದಿ, ನೀಲಿಗಳು ಬೇರೆಬೇರೆಯಾಗಿ ಕಾಣುವ ಇನ್ನೂರು ಗೆರೆಗಳೇ ಮೇಲು. ನಾಭಿಯನ್ನು ಮಸೂರದ ಮೇಲಿನ ಅನಂತದ ಗುರುತಿಗೆ ನಂಬಿ ಬಿಡದೆ, ಲುಬ್ಧಕದಂಥ ನಕ್ಷತ್ರವನ್ನು ಕ್ಯಾಮೆರಾದ ಪರದೆಯಲ್ಲಿ ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕಿಯಾಗುವವರೆಗೆ ಕೈಯಿಂದಲೇ ಹೊಂದಿಸಬೇಕು. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಒಂದು ಸೆಕೆಂಡಿಗಿಂತ ಹೆಚ್ಚು ಅಂತರ ಬೀಳಬಾರದು. ಬಹಳ ಕ್ಯಾಮೆರಾಗಳಲ್ಲಿರುವ ದೀರ್ಘ ಚಿತ್ರದ ಕಲೆ ತೆಗೆಯುವ ಸೌಲಭ್ಯವನ್ನು ನಿಲ್ಲಿಸದಿದ್ದರೆ ಕ್ಯಾಮೆರಾ ಪ್ರತಿಯೊಂದು ಚಿತ್ರದ ಬಳಿಕ ಅಷ್ಟೇ ಹೊತ್ತು ಸುಮ್ಮನಿದ್ದು ಲೆಕ್ಕ ಮಾಡಿಕೊಳ್ಳುವುದರಿಂದ, ಇಡೀ ರಾತ್ರಿಯ ದುಡಿಮೆ ಹೊಲಿಗೆಯ ದಾರದಂತೆ ತುಂಡು ತುಂಡಾದ ಗೆರೆಗಳಾಗಿ ಹಾಳಾಗುತ್ತದೆ.

ಟ್ರೈಪಾಡ್ ನಿಲ್ಲಿಸುವ ನೆಲದ ಬಗ್ಗೆ ಈ ಸೀಮೆಯಲ್ಲಿ ವಿಶೇಷ ಎಚ್ಚರ ಬೇಕು. ಎರೆಮಣ್ಣು ಒಣಗಿದಾಗ ಕಲ್ಲಿನಷ್ಟು ಗಟ್ಟಿ. ನೀರು ಹಾಯಿಸಿದ ಹೊಲದಲ್ಲಿ ಮಾತ್ರ ಟ್ರೈಪಾಡಿನ ಕಾಲುಗಳು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕೆಳಗಿಳಿಯುತ್ತವೆ. ಕಬ್ಬಿಗೆ ರಾತ್ರಿಯೇ ನೀರು ಬಿಡುವುದು ಇಲ್ಲಿ ಸಾಮಾನ್ಯವಾದ್ದರಿಂದ ಸಂಜೆ ಒಣಗಿದ್ದ ಬದು ನಡುರಾತ್ರಿಗೆ ಹಸಿಯಾಗಿರಬಹುದು. ಕಾಲು ಒಂದು ಮಿಲಿಮೀಟರ್ ಕುಸಿದರೂ ಮುನ್ನೆಲೆಯ ಮರ ಎರಡಾಗಿ ಕಾಣುತ್ತದೆ, ನಕ್ಷತ್ರದ ಗೆರೆಗೆ ಗಂಟು ಬೀಳುತ್ತದೆ. ಮೂರು ಕಾಲಿನ ಅಡಿಗೂ ಒಂದೊಂದು ಚಪ್ಪಟೆ ಕಲ್ಲು ಇಟ್ಟು, ನಡುವಿನ ಕೊಕ್ಕೆಗೆ ಭಾರದ ಚೀಲ ತೂಗುಹಾಕುವುದು ಇದಕ್ಕೆ ಸುಲಭದ ಪರಿಹಾರ. ಕೃಷ್ಣೆ, ದೂಧಗಂಗೆಗಳ ದಂಡೆಯಲ್ಲಿ ಚಳಿಗಾಲದ ಹಿಂಜಾವದ ಇಬ್ಬನಿ ಮಸೂರದ ಮೇಲೆ ಕೂತು, ಗೆರೆಗಳು ಕ್ರಮೇಣ ಮಸುಕಾಗಿ ಅಳಿಸಿಹೋಗುವುದೂ ಉಂಟು. ಮಸೂರದ ಸುತ್ತ ಸಣ್ಣ ಹೀಟರ್ ಪಟ್ಟಿ ಕಟ್ಟಿ ಅದನ್ನು ತುಸು ಬೆಚ್ಚಗಿಟ್ಟರೆ ಇಬ್ಬನಿ ಕೂರುವುದಿಲ್ಲ.

ಕಾಲದ ಆಯ್ಕೆಗೆ ಪಂಚಾಂಗಕ್ಕಿಂತ ಒಳ್ಳೆಯ ಕೈಪಿಡಿ ಇಲ್ಲ. ಮುಂಗಾರು ಹಿಂಗಾರುಗಳ ಮೋಡ ಸರಿದ ಮೇಲೆ ನವೆಂಬರ್ ನಡುವಿನಿಂದ ಮಾರ್ಚಿನವರೆಗಿನ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳು ಶ್ರೇಷ್ಠ. ಉತ್ತರ ಕರ್ನಾಟಕದ ಒಕ್ಕಲು ಮನೆಗಳವರು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಎಳ್ಳ ಅಮಾವಾಸ್ಯೆ, ಜಾಗರಣೆಯ ಶಿವರಾತ್ರಿ ಇವೆರಡೂ ಈ ಅವಧಿಯಲ್ಲೇ ಬರುತ್ತವೆ. ಶಿವರಾತ್ರಿ ಮಾಘ ಬಹುಳ ಚತುರ್ದಶಿಯಾದ್ದರಿಂದ ಅಂದು ಬೆಳಗಿನ ಜಾವದವರೆಗೂ ಚಂದ್ರನ ತೊಂದರೆ ಇರುವುದಿಲ್ಲ. ಮುನ್ನೆಲೆಯ ಹೊಲ, ಗುಡಿಗಳಿಗೆ ಸ್ವಲ್ಪ ಬೆಳಕು ಬೇಕೆನಿಸಿದರೆ ಶುಕ್ಲ ಪಂಚಮಿಯ ಸುಮಾರಿನ ರಾತ್ರಿಯನ್ನು ಆರಿಸಿಕೊಳ್ಳಬಹುದು. ಆಗ ಚಂದ್ರ ರಾತ್ರಿ ಹತ್ತರ ಆಸುಪಾಸಿನವರೆಗೆ ನೆಲವನ್ನು ಮೃದುವಾಗಿ ಬೆಳಗಿಸಿ ಮುಳುಗುತ್ತಾನೆ, ಬಳಿಕ ಆಕಾಶ ಕಪ್ಪಾಗುತ್ತದೆ. ಟಾರ್ಚಿನಿಂದ ಮರಕ್ಕೆ ಬೆಳಕು ಬಳಿಯುವುದಕ್ಕಿಂತ ಇದು ಹೆಚ್ಚು ಸಹಜವಾದ ಕ್ರಮ.

ಆದರೆ ಆಕಾಶ ಶುಭ್ರವಾಗಿರುವ ಈ ತಿಂಗಳುಗಳೇ ಕಬ್ಬು ನುರಿಸುವ ಹಂಗಾಮಿನ ತಿಂಗಳುಗಳೂ ಹೌದು. ಕಟಾವಾದ ಗದ್ದೆಯಲ್ಲಿ ಉಳಿದ ರವದಿಗೆ, ಎಂದರೆ ಒಣಗಿದ ಕಬ್ಬಿನ ಗರಿಗೆ ಬೆಂಕಿ ಇಟ್ಟಾಗ ಏಳುವ ಹೊಗೆ ಗಾಳಿಯಿಲ್ಲದ ಚಳಿಯಲ್ಲಿ ನೆಲದ ಮೇಲೆ ಚಾಪೆಯಂತೆ ಹಾಸಿಕೊಂಡು, ದಿಗಂತದಿಂದ ಹತ್ತಿಪ್ಪತ್ತು ಡಿಗ್ರಿಯವರೆಗಿನ ನಕ್ಷತ್ರಗಳನ್ನು ನುಂಗಿಬಿಡುತ್ತದೆ. ಧ್ರುವ ನಕ್ಷತ್ರ ನಿಂತಿರುವುದೂ ಆ ಎತ್ತರದಲ್ಲೇ. ಉಗಾರ ಖುರ್ದದಂಥ ಊರುಗಳ ಸಕ್ಕರೆ ಕಾರ್ಖಾನೆಗಳು ಹಂಗಾಮಿನಲ್ಲಿ ಇರುಳೆಲ್ಲ ದೀಪ ಉರಿಸಿ ದುಡಿಯುತ್ತವೆ. ರಾಯಬಾಗ ಸೀಮೆಯಿಂದ ವಾಯವ್ಯದ ಕಡೆಗೆ ಮಿರಜ, ಸಾಂಗಲಿ ನಗರಗಳ ಬೆಳಕಿನ ಗುಮ್ಮಟ ಆಕಾಶಕ್ಕೆ ಏರಿರುತ್ತದೆ. ಉತ್ತರದ ನೋಟ ಇಲ್ಲಿ ಕಷ್ಟವಾಗಲು ಅಕ್ಷಾಂಶದ ಜೊತೆಗೆ ಇವೂ ಕಾರಣ. ಆಕಾಶದ ಕತ್ತಲೆಯನ್ನು ಒಂದರಿಂದ ಒಂಬತ್ತರವರೆಗೆ ವರ್ಗೀಕರಿಸುವ ಮಾನವನ್ನು 2001ರಲ್ಲಿ ಅಮೆರಿಕದ ಹವ್ಯಾಸಿ ವೀಕ್ಷಕ ಜಾನ್ ಬಾರ್ಟಲ್ ರೂಪಿಸಿದರು. ಅದರಲ್ಲಿ ಒಂದು ಎಂದರೆ ಅತಿ ಕಪ್ಪು ಆಕಾಶ, ಒಂಬತ್ತು ಎಂದರೆ ಮಹಾನಗರದ ನಡುವಿನ ಆಕಾಶ. ಹಾನ್ಲೆಯ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಅಧಿಸೂಚಿಸಲಾಯಿತು. ಬಯಲುಸೀಮೆಯ ಹಳ್ಳಿಗಳಿಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ. ಬೀದಿದೀಪಕ್ಕೂ ಗುಡಿಯ ದೀಪಕ್ಕೂ ಬೆಳಕು ಕೆಳಮುಖವಾಗಿ ಬೀಳುವಂತೆ ಒಂದು ತಗಡಿನ ಮರೆ ಹಾಕಿದರೆ ದಾರಿಗೂ ಬೆಳಕು ಹೆಚ್ಚುತ್ತದೆ, ಆಕಾಶವೂ ಉಳಿಯುತ್ತದೆ.

ಮುಂಬೈ ಮತ್ತು ಬೆಂಗಳೂರುಗಳನ್ನು ಕೂಡಿಸುವ ನೇರ ಗೆರೆ ರಾಯಬಾಗ ಸೀಮೆಯ ಬಳಿಯೇ ಹಾದುಹೋಗುವುದರಿಂದ ವಿಮಾನಗಳ ಮಿನುಗುದೀಪಗಳು ನಕ್ಷತ್ರಪಥಗಳಿಗೆ ಅಡ್ಡಲಾಗಿ ಚುಕ್ಕಿಗಳ ಸಾಲನ್ನು ಬಿಡಬಹುದು. 2019ರ ಮೇ ತಿಂಗಳಿನಿಂದ ಸಾವಿರಾರು ಸಂಖ್ಯೆಯಲ್ಲಿ ಹಾರಿಬಿಡಲಾದ ಸ್ಟಾರ್‌ಲಿಂಕ್ ಉಪಗ್ರಹಗಳ ಗೆರೆಗಳು ಮುಸ್ಸಂಜೆಯ ಬಳಿಕದ ಒಂದೆರಡು ಗಂಟೆಗಳಲ್ಲಿ ಹೆಚ್ಚು. ಡಿಸೆಂಬರ್ 13, 14ರ ಸುಮಾರಿಗೆ ಉತ್ತುಂಗಕ್ಕೇರುವ ಜೆಮಿನಿಡ್ ಉಲ್ಕಾವೃಷ್ಟಿಯ ಉಲ್ಕೆಯೊಂದು ಚೌಕಟ್ಟಿಗೆ ಬಿದ್ದರೆ ಅದರ ಗೆರೆ ಎರಡೂ ತುದಿಗೆ ಸೂಜಿಯಂತೆ ಮೊನಚಾಗಿದ್ದು, ವಿಮಾನ ಉಪಗ್ರಹಗಳಿಂದ ಬೇರೆಯಾಗಿ ಗುರುತಿಗೆ ಸಿಗುತ್ತದೆ.

ಮುನ್ನೆಲೆಗೆ ಈ ಸೀಮೆಯಲ್ಲಿ ಬಡತನವಿಲ್ಲ. ಯಡೂರಿನ ಕೃಷ್ಣಾ ತೀರ, ಚಿಂಚಲಿಯ ಮಾಯಕ್ಕನ ಗುಡಿ, ಶೇಡಬಾಳದ ಜೈನ ಕ್ಷೇತ್ರ, ನಿಪ್ಪಾಣಿಯ ಬಳಿಯ ತವನಿಧಿಯ ಗುಡ್ಡ, ಕೃಷ್ಣೆಯ ಮೇಲಿನ ಸೇತುವೆಗಳು ಒಂದೊಂದೂ ಒಂದೊಂದು ದಿಕ್ಕಿನ ಆಕಾಶಕ್ಕೆ ಒಪ್ಪುತ್ತವೆ. ಪೂರ್ವದ ನೆಟ್ಟಗಿನ ಗೆರೆಗಳಿಗೆ ಒಂಟಿ ಬೇವಿನ ಮರ ಅಥವಾ ದೀಪಸ್ತಂಭ, ದಕ್ಷಿಣದ ತಗ್ಗು ಕಮಾನುಗಳಿಗೆ ಅಗಲವಾಗಿ ಹರಡಿದ ಹೊಳೆ ಅಥವಾ ಆಲದ ಮರ ಹೊಂದುತ್ತದೆ. ನಿಂತ ನೀರಿನಲ್ಲಿ ಪಥಗಳ ಪ್ರತಿಬಿಂಬವೂ ಮೂಡುತ್ತದೆ, ಗಾಳಿ ಆಡಿದರೆ ಅದು ಚದುರಿ ಮಬ್ಬಾಗುತ್ತದೆ. ಕೃಷ್ಣೆಯ ಈ ಭಾಗದಲ್ಲಿ ಮೊಸಳೆಗಳಿರುವುದರಿಂದ ಕತ್ತಲಲ್ಲಿ ನೀರಂಚಿಗೆ ಇಳಿಯಬಾರದು. ಕಬ್ಬಿನ ಗದ್ದೆಗಳಲ್ಲಿ ಕೊಳಕುಮಂಡಲ ಹಾವಿನ ಭಯವೂ ಇದ್ದು, ಜಾಗವನ್ನು ಹಗಲಿನಲ್ಲೇ ನೋಡಿಟ್ಟುಕೊಂಡು, ಹೊಲದವರ ಒಪ್ಪಿಗೆ ಪಡೆದು, ಉದ್ದ ಬೂಟು ತೊಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗುವುದು ಅವಶ್ಯ.

ತಂತ್ರಾಂಶದ ಅನುಕೂಲದಿಂದ ಒಂದು ಕಡೆಯ ನೆಲಕ್ಕೆ ಇನ್ನೊಂದು ಕಡೆಯ ಆಕಾಶವನ್ನು ಅಂಟಿಸಿದ ಚಿತ್ರಗಳೂ ಈಗ ಹಬ್ಬಿವೆ. ನಕ್ಷತ್ರಪಥದ ಮಟ್ಟಿಗೆ ಈ ಮೋಸ ಬಹಳ ಹೊತ್ತು ನಿಲ್ಲುವುದಿಲ್ಲ. ವೃತ್ತಗಳ ಕೇಂದ್ರ ದಿಗಂತದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದರೆ ಆಕಾಶ ಯಾವ ಅಕ್ಷಾಂಶದ್ದೆಂದು ತಿಳಿಯುತ್ತದೆ. ಕರ್ನಾಟಕದ ದಕ್ಷಿಣ ತುದಿಯಿಂದ ಬೀದರಿನ ಉತ್ತರದವರೆಗೆ ಈ ಎತ್ತರ ಸುಮಾರು ಹನ್ನೊಂದೂವರೆಯಿಂದ ಹದಿನೆಂಟೂವರೆ ಡಿಗ್ರಿಯೊಳಗೇ ಇರಬೇಕು. ಗುಡಿಯ ಕಳಸದ ನೆತ್ತಿಗೆ ನಲವತ್ತು ಡಿಗ್ರಿ ಎತ್ತರದಲ್ಲಿ ಧ್ರುವವನ್ನು ನಿಲ್ಲಿಸಿ ಅದನ್ನು ಬೆಳಗಾವಿ ಜಿಲ್ಲೆಯ ರಾತ್ರಿ ಎಂದು ಕರೆಯುವುದು, ಕಲೆಯ ಸ್ವಾತಂತ್ರ್ಯದ ಹೆಸರಿನಲ್ಲಿ ಕೂಡ, ಸುಳ್ಳೇ. ಪ್ರಾಮಾಣಿಕವಾದ ಚಿತ್ರಕ್ಕೆ ಊರು, ದಿನಾಂಕ, ಆರಂಭದ ಹೊತ್ತು, ಒಟ್ಟು ಅವಧಿ, ಕ್ಯಾಮೆರಾ ನೋಡಿದ ದಿಕ್ಕು ಇಷ್ಟನ್ನು ಬರೆದಿಟ್ಟರೆ ಅದು ಮುಂದಿನ ಕಾಲಕ್ಕೆ ಆ ಊರಿನ ಆಕಾಶದ ಕತ್ತಲೆಯ ದಾಖಲೆಯೂ ಆಗುತ್ತದೆ.

ಕನ್ನಡದಲ್ಲಿ ನಕ್ಷತ್ರಗಳನ್ನು ಜನರಿಗೆ ಹತ್ತಿರ ಮಾಡಿದವರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಲ್ಲಿ ವಿಜ್ಞಾನ ವಿಭಾಗವನ್ನು ನೋಡಿಕೊಂಡ ಜಿ.ಟಿ. ನಾರಾಯಣರಾವ್ (1926–2008) ಪ್ರಮುಖರು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ನಿರ್ದೇಶಕರಾಗಿದ್ದ ಬಿ.ಎಸ್. ಶೈಲಜಾ ಶಾಸನಗಳಲ್ಲಿನ ಖಗೋಳ ಉಲ್ಲೇಖಗಳನ್ನು ಅಧ್ಯಯನ ಮಾಡಿದ್ದಾರೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ, ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಆರಂಭವಾದ ತಾರಾಲಯ ಮೊದಲಾದವು ಈ ಆಸಕ್ತಿಯನ್ನು ಮುಂದುವರಿಸುತ್ತಿವೆ.

ಭೂಮಿಯ ಅಕ್ಷವೂ ಬುಗುರಿಯಂತೆ ಓಲಾಡುತ್ತ ಸುಮಾರು 25,800 ವರ್ಷಗಳಿಗೊಮ್ಮೆ ಒಂದು ಸುತ್ತು ಮುಗಿಸುತ್ತದೆ. ಅಯನಚಲನೆ ಎನ್ನುವ ಇದರಿಂದ ಧ್ರುವ ಬಿಂದು ನಕ್ಷತ್ರಗಳ ನಡುವೆ ಮೆಲ್ಲನೆ ಸ್ಥಳ ಬದಲಿಸುತ್ತದೆ. ಅಲಖನೂರದ ಉತ್ತರಕ್ಕೆ ಇಂದು ತೆಗೆದ ಚಿತ್ರದಲ್ಲಿ ಧ್ರುವ ನಕ್ಷತ್ರ ಬರೆಯುವ ಪುಟ್ಟ ಕಮಾನು 2100ನೆಯ ಇಸವಿಯ ಸುಮಾರಿಗೆ ಅತಿ ಚಿಕ್ಕದಾಗಿ, ಆಮೇಲೆ ಮತ್ತೆ ಹಿಗ್ಗತೊಡಗುತ್ತದೆ.